ಬೆಸುಗೆಯ ಉಪ್ಪು

ಮುರಿದುದನ್ನು ಕೂಡಿಸುವದು ಮನುಷ್ಯನ ಅತಿ ಪ್ರಾಚೀನವಾದ ವಿದ್ಯೆಗಳಲ್ಲೊಂದು. ಹರಿದ ಬಟ್ಟೆಗೆ ದಾರ, ಸೀಳಿದ ಮರಕ್ಕೆ ಮೊಳೆ, ಬಿರಿದ ಗೋಡೆಗೆ ಗಾರೆ ಎಂಬುದನ್ನು ಎಳೆಯ ಬಾಲಕನೂ ಬಲ್ಲನು. ಈ ಮೂರರಲ್ಲಿಯೂ ಕೂಡಿಸುವ ವಸ್ತುವು ಕೂಡಿದ ಸ್ಥಳದಲ್ಲಿಯೇ ನಿಂತು ನಮ್ಮ ಕಣ್ಣಿಗೆ ಬೀಳುವದು. ಆದರೆ ಲೋಹವನ್ನು ಲೋಹದೊಡನೆ ಬೆಸೆಯುವಾಗ ವಿಚಿತ್ರವಾದ ವಸ್ತುವೊಂದು ನಡುವೆ ಬರುತ್ತದೆ. ಅದಿಲ್ಲದೆ ಬೆಸುಗೆಯು ಕೂಡದು. ಕೂಡಿದ ಮೇಲೆ ಅದು ಅಲ್ಲಿ ಉಳಿಯಲೂ ಬಾರದು. ಬಂಗಾರಕ್ಕೆ ಬಿಳಿಗಾರ, ಕಲಾಯಿಗೆ ನವಸಾಗರ, ವಿದ್ಯುತ್ತಿನ ತಂತಿಗೆ ರಾಳ, ಹೀಗೆ ಬೇರೆ ಬೇರೆ ರೂಪಗಳಲ್ಲಿ ಬಳಕೆಯಾಗುತ್ತಿರುವ, ಈಗಿನ ಅಂಗಡಿಗಳಲ್ಲಿ ಫ್ಲಕ್ಸ್ ಎಂಬ ಹೆಸರಿನಿಂದ ಸಣ್ಣ ಸಣ್ಣ ಡಬ್ಬಿಗಳಲ್ಲಿ ದೊರೆಯುವ ಈ ವಸ್ತುವಿನ ಚರಿತ್ರೆಯನ್ನು ಯಥಾಮತಿಯಾಗಿ ವಾಚಕರ ಮುಂದಿಡಬೇಕೆಂಬುದೇ ಈ ಲೇಖದ ಉದ್ದೇಶವು.

ಈ ವಿಷಯದಲ್ಲಿ ನನಗೆ ಕುತೂಹಲವು ಹುಟ್ಟಿದ ಪ್ರಸಂಗವನ್ನು ಮೊದಲು ಹೇಳಬೇಕು. ಪಾಠಶಾಲೆಯಲ್ಲಿ ಓದುತ್ತಿದ್ದಾಗ ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ, ಲವಣದಿಂದ ಬಂಗಾರವನ್ನು ಸಂಧಾನ ಮಾಡುವ ದೃಷ್ಟಾಂತವೊಂದು ಬಂದಿತು. ಲವಣವೆಂದರೆ ಇಲ್ಲಿ ಟಂಕಣವೇ ಮೊದಲಾದ ಕ್ಷಾರವೆಂದು ಶ್ರೀ ಶಂಕರಾಚಾರ್ಯರ ಭಾಷ್ಯದಲ್ಲಿ ವಿವರಣೆಯಿದೆ. ನಾವು ವಿದ್ಯಾರ್ಥಿಗಳೆಲ್ಲರೂ ಅದನ್ನು ಕಂಠಪಾಠ ಮಾಡಿದೆವು. ಟಂಕಣವೆಂದರೇನೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ‘ಒಂದು ಕ್ಷಾರವಿಶೇಷ’ ಎಂಬ ಉತ್ತರವು ಬರುತ್ತಿದ್ದಿತು. ಮುಂದೆ ನಾನೂ ಮಾಸ್ತರನಾಗಿ, ಕೇಳಿದವರಿಗೆ ಅದೇ ಉತ್ತರವನ್ನು ಹೇಳುತ್ತ ಅನೇಕ ವರ್ಷಗಳನ್ನು ಕಳೆದೆನು.

ಒಂದು ದಿನ ಮನೆಯಲ್ಲಿ ಬಂಗಾರದ ಸರವೊಂದರ ಕೊಂಡಿಯು ಕಡಿದುದರಿಂದ ಬ್ಯಾಡಗಿಯ ಪತ್ತಾರರೊಬ್ಬರ ಮನೆಗೆ ಹೋಗಿ ಕುಳಿತೆನು. ಅವರು ಒಂದು ಬಿಳಿಯ ಹಳಕನ್ನು ಕಲ್ಲಿನ ಮೇಲೆ ಎರಡು ಹನಿ ನೀರು ಹಾಕಿ, ಗಂಧವನ್ನು ತೇಯ್ದಂತೆ ತೇಯ್ದರು. ಹಾಲಿನಂತಾದ ಆ ಲೇಪವನ್ನು ಕಡಿದ ಕೊಂಡಿಗೆ ಹಚ್ಚಿ, ಅದರ ಮೇಲೆ ಬೆಸುಗೆಯ ಬಂಗಾರದ ಸಣ್ಣ ಚೂರನ್ನಿಟ್ಟು, ಊದುಗೊಳವೆಯಿಂದ ದೀಪದ ಉರಿಯನ್ನು ಅತ್ತ ಊದಿದರು. ಲೇಪವು ಮೊದಲು ಅರಳಿನಂತೆ ಉಬ್ಬಿ, ಆ ಮೇಲೆ ಗಾಜಿನಂತೆ ಕರಗಿ ಹರಡಿತು. ಮರುಕ್ಷಣದಲ್ಲಿ ಬಂಗಾರದ ಚೂರು ಮಿಂಚಿ ಸಂದಿಯೊಳಗೆ ಓಡಿಹೋಯಿತು. ‘ಇದೇನು?’ ಎಂದು ಕೇಳಿದೆನು. ‘ಬಿಳಿಗಾರ ಅಲ್ಲೇನ್ರೀ, ಗುರುಗಳ’ ಎಂದರು. ಅದು ಬಂಗಾರವನ್ನು ಅಂಟಿಸುವದೇ ಎಂದು ನಾನು ಮತ್ತೆ ಕೇಳಲು, ಅವರು ನಕ್ಕು ‘ಇಲ್ಲರೀ. ಬಂಗಾರಕ್ಕ ಬಂಗಾರ ತಾನಾ ಕೂಡತೈತಿ. ನಡುವ ಹೊಲಸು ಇದ್ದರ ಕೂಡೂದಿಲ್ಲ. ಇದು ಹೊಲಸು ತಗೊಂಡು ಹೋಗತೈತಿ, ಅಷ್ಟ’ ಎಂದು ಉತ್ತರ ಕೊಟ್ಟರು. ಮನೆಗೆ ಬಂದು ವೈದ್ಯಕ ನಿಘಂಟುವನ್ನು ತೆರೆದು ನೋಡಲಾಗಿ, ಬಿಳಿಗಾರವೇ ಟಂಕಣವು. ನಾನು ಅಷ್ಟು ಕಾಲ ಪಾಠ ಹೇಳಿದ ಶಬ್ದದ ಅರ್ಥವು ನಮ್ಮ ಓಣಿಯಲ್ಲಿಯೇ ಕಲ್ಲಿನ ಮೇಲೆ ತೇಯಲ್ಪಡುತ್ತಿದ್ದಿತು!

ಪತ್ತಾರರು ಹೇಳಿದ ಮಾತು ಶಾಸ್ತ್ರಸಮ್ಮತವಾದುದು. ತಾಮ್ರ, ಹಿತ್ತಾಳೆ, ತವರ, ಸೀಸ, ಕಬ್ಬಿಣ ಮುಂತಾದ ಲೋಹಗಳು ಗಾಳಿಯೊಳಗಿನ ಆಮ್ಲಜನಕವನ್ನು ಸೆಳೆದುಕೊಂಡು ತಮ್ಮ ಮೇಲೆ ಒಂದು ತೆಳ್ಳನೆಯ ಪೊರೆಯನ್ನು ಬೆಳೆಸಿಕೊಳ್ಳುವವು. ತಾಮ್ರದ ಕಿಲುಬು, ಕಬ್ಬಿಣದ ಜಂಗು ಎಂಬವುಗಳು ಈ ಕ್ರಿಯೆಯ ಮುಂದುವರಿದ ರೂಪಗಳು. ಲೋಹವನ್ನು ಕಾಯಿಸಿದರಂತೂ ಈ ಪೊರೆಯು ಕ್ಷಣಮಾತ್ರದಲ್ಲಿ ದಪ್ಪವಾಗುವದು. ಶುದ್ಧವಾದ ಬಂಗಾರಕ್ಕೆ ಈ ದೋಷವಿಲ್ಲ; ಆದರೆ ಆಭರಣದ ಬಂಗಾರವು ಶುದ್ಧವಲ್ಲ. ೨೨ ಕ್ಯಾರೆಟ್ಟಿನ ಬಂಗಾರದಲ್ಲಿ ನೂರಕ್ಕೆ ೯೧.೬ ಭಾಗ ಮಾತ್ರ ಬಂಗಾರವಿದ್ದು, ಉಳಿದದ್ದು ತಾಮ್ರ, ಬೆಳ್ಳಿ ಮುಂತಾದ ಬೆರಕೆಯು. ಆ ತಾಮ್ರವು ಉರಿಯಲ್ಲಿ ಕಪ್ಪಾಗುವದು. ಕರಗಿದ ಲೋಹವು ಈ ಪೊರೆಯ ಮೇಲೆ, ಕೆಸುವಿನ ಎಲೆಯ ಮೇಲಿನ ನೀರಿನಂತೆ, ಗುಂಡಾಗಿ ಉರುಳಿಹೋಗುವದಲ್ಲದೆ ಒಳಗೆ ಹಿಡಿಯುವದಿಲ್ಲ.

ಇಲ್ಲಿ ಫ್ಲಕ್ಸಿನ ಕೆಲಸವು ಮೂರು ವಿಧವಾಗಿದೆ. ಅದು ಆ ಪೊರೆಯನ್ನು ಕರಗಿಸುವದು. ಕಾದ ಲೋಹದ ಮೇಲೆ ಹೊದಿಕೆಯಾಗಿ ನಿಂತು ಹೊಸ ಗಾಳಿಯು ತಗಲದಂತೆ ತಡೆಯುವದು. ಕರಗಿದ ಬೆಸುಗೆಯು ಚೆನ್ನಾಗಿ ಹರಿದು ಸಂದಿಯೊಳಗೆ ಇಳಿಯುವಂತೆ ಅನುಕೂಲ ಮಾಡಿಕೊಡುವದು. ಫ್ಲಕ್ಸ್ ಎಂಬುದು ಹರಿಯುವಿಕೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ನಮ್ಮ ರಸಶಾಸ್ತ್ರಜ್ಞರು ಟಂಕಣಕ್ಕೆ ದ್ರಾವಕವೆಂದು, ಅಂದರೆ ಹರಿಯಿಸುವಂಥಾದ್ದೆಂದು, ಹೆಸರಿಟ್ಟಿರುವರು. ಪರಸ್ಪರರನ್ನರಿಯದ ಎರಡು ದೇಶಗಳ ಕುಶಲರು ಒಂದೇ ಕ್ರಿಯೆಯನ್ನು ನೋಡಿ ಒಂದೇ ಅರ್ಥದ ಹೆಸರನ್ನು ಕೊಟ್ಟುದು ಆಶ್ಚರ್ಯವಲ್ಲವೇ?

ಇನ್ನು ಉಪನಿಷತ್ತಿನ ಮಾತಿಗೆ ಬರೋಣ. ಪ್ರಸಂಗವು ಯಜ್ಞದ್ದು. ಯಜ್ಞದಲ್ಲಿ ಋಕ್ಕಿನಿಂದಾಗಲಿ ಯಜುಸ್ಸಿನಿಂದಾಗಲಿ ಸಾಮದಿಂದಾಗಲಿ ಲೋಪವುಂಟಾದರೆ, ಮೌನವಾಗಿ ಕುಳಿತಿರುವ ಬ್ರಹ್ಮನೆಂಬ ಋತ್ವಿಜನು ವ್ಯಾಹೃತಿಗಳಿಂದ ಅದನ್ನು ಸರಿಪಡಿಸಬೇಕು. ಅದು ಹೇಗೆಂಬುದಕ್ಕೆ ಋಷಿಯು ಕೊಡುವ ದೃಷ್ಟಾಂತವೇ ಈ ಸಂಧಾನವು: ಲವಣದಿಂದ ಬಂಗಾರವನ್ನು, ಬಂಗಾರದಿಂದ ಬೆಳ್ಳಿಯನ್ನು, ಬೆಳ್ಳಿಯಿಂದ ತವರವನ್ನು, ತವರದಿಂದ ಸೀಸವನ್ನು, ಸೀಸದಿಂದ ಲೋಹವನ್ನು, ಲೋಹದಿಂದಲೂ ಚರ್ಮದಿಂದಲೂ ಮರವನ್ನು ಕೂಡಿಸುವ ಹಾಗೆ ಎಂದು ಅದರ ತಾತ್ಪರ್ಯವು. ಇದೇ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಉಪದೇಶಿಸುವಾಗಲೂ ಮಣ್ಣಿನ ಮುದ್ದೆ, ಲೋಹದ ಮಣಿ, ಉಗುರು ತೆಗೆಯುವ ಕತ್ತರಿ ಇವೇ ದೃಷ್ಟಾಂತಗಳಾಗಿವೆ. ಆ ಕಾಲದ ಚಿಂತಕರು ಕುಂಬಾರನ ಚಕ್ರದ ಬಳಿಯಲ್ಲಿಯೂ ಅಕ್ಕಸಾಲಿಗನ ಒಲೆಯ ಬಳಿಯಲ್ಲಿಯೂ ನಿಂತು ನೋಡಿದವರೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಗೌರವವಿದ್ದಲ್ಲಿ ವಿಮರ್ಶೆಯು ಕೂಡದೆಂಬ ನಿಯಮವಿಲ್ಲ. ಈ ಸಾಲನ್ನು ಒಲೆಯ ಮುಂದಿಟ್ಟು ಪರೀಕ್ಷಿಸೋಣ. ಬಂಗಾರವು ಕರಗುವದು ೧೦೬೪ ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಬೆಳ್ಳಿಯು ೯೬೨ರಲ್ಲಿ, ಸೀಸವು ೩೨೭ರಲ್ಲಿ, ತವರವು ೨೩೨ರಲ್ಲಿ. ಬೆಸೆಯುವ ಲೋಹವು ಬೆಸೆಯಲ್ಪಡುವ ಲೋಹಕ್ಕಿಂತ ಬೇಗ ಕರಗಬೇಕೆಂಬುದು ಬೆಸುಗೆಯ ಮೊದಲನೆಯ ಸೂತ್ರವು. ಬೆಳ್ಳಿಯನ್ನು ಶುದ್ಧ ಬಂಗಾರದಿಂದ ಬೆಸೆಯಹೋದರೆ ಬಂಗಾರವು ಕರಗುವ ಮೊದಲೇ ಬೆಳ್ಳಿಯ ಆಭರಣವು ನೀರಾಗುವದು. ತವರವನ್ನು ಬೆಳ್ಳಿಯಿಂದ ಬೆಸೆಯುವದಂತೂ ಇನ್ನೂ ಅಸಾಧ್ಯ. ಸಾಲಿನಲ್ಲಿ ಒಲೆಯ ಪರೀಕ್ಷೆಗೆ ನಿಲ್ಲುವ ಬೆಸುಗೆಗಳು ಮುಖ್ಯವಾಗಿ ಎರಡು: ಲವಣದ ಸಹಾಯದಿಂದ ಬಂಗಾರದ ಬೆಸುಗೆ, ತವರದಿಂದ ಸೀಸದ ಬೆಸುಗೆ. ಈ ಎರಡನೆಯದು ಇಂದಿಗೂ ನಡೆಯುತ್ತಿದೆ. ತವರ ಸುಮಾರು ೬೨ ಭಾಗ, ಸೀಸ ೩೮ ಭಾಗ ಬೆರೆಸಿದರೆ ಆ ಮಿಶ್ರವು ೧೮೩ ಡಿಗ್ರಿಯಲ್ಲಿಯೇ ಕರಗುವದು. ಆದುದರಿಂದ ಋಷಿಯು ಕಮ್ಮಟದ ಕೈಪಿಡಿಯನ್ನು ಬರೆಯುತ್ತಿರಲಿಲ್ಲ. ಒಂದರಿಂದೊಂದನ್ನು ಹೆಣೆದು ಸಾಲನ್ನು ಇಳಿಸುತ್ತಿದ್ದನು. ಇನ್ನೊಂದು ಮಾತೂ ಇದೆ. ಮೂಲದಲ್ಲಿರುವದು ಲವಣವೆಂಬ ಶಬ್ದ ಮಾತ್ರ, ಟಂಕಣವೆಂಬುದು ಭಾಷ್ಯಕಾರರದು. ಭಾಷ್ಯಕ್ಕೂ ಮೂಲಕ್ಕೂ ನಡುವೆ ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಭಾಷ್ಯಕಾರರ ಕಾಲಕ್ಕೆ ಟಂಕಣದಿಂದ ಬಂಗಾರವನ್ನು ಬೆಸೆಯುವದು ಸರ್ವವಿದಿತವಾಗಿದ್ದಿತೆಂಬುದು ನಿಶ್ಚಯ. ಋಷಿಯ ಲವಣವೂ ಅದೇ ಎಂಬುದು ಸಂಭಾವ್ಯವಾದ ಊಹೆ. ಬಲ್ಲವರ ಮಾತೂ ಬಲ್ಲಷ್ಟೇ ದೂರ ಸಾಕ್ಷಿಯಾಗುವದು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ವಿದ್ಯೆಯ ಇನ್ನೊಂದು ಮುಖವು ಕಾಣುವದು. ಅಲ್ಲಿಯ ಎರಡನೆಯ ಅಧಿಕರಣದಲ್ಲಿ ಸುವರ್ಣಾಧ್ಯಕ್ಷನು ಕಟ್ಟಿಸಬೇಕಾದ ಅಕ್ಷಶಾಲೆಯ ವಿವರವಿದೆ. ಅದಕ್ಕೆ ನಾಲ್ಕು ಶಾಲೆಗಳು, ಬಾಗಿಲು ಒಂದೇ. ನಮ್ಮ ಅಕ್ಕಸಾಲೆ, ಅಕ್ಕಸಾಲಿಗ ಎಂಬ ಶಬ್ದಗಳಿಗೂ ಈ ಅಕ್ಷಶಾಲೆಗೂ ಇರುವ ಹೋಲಿಕೆಯು ಯಾರಿಗಾದರೂ ಹೊಳೆಯುವಂಥದು. ಮುಂದೆ ಅಕ್ಕಸಾಲಿಗರು ಮಾಡಬಹುದಾದ ಕಳವುಗಳನ್ನು ಎಣಿಸುವಾಗ, ಸೀಸದ ರೂಪಕ್ಕೆ ಬಂಗಾರದ ತಗಡನ್ನು ಹೊದಿಸಿ ಒಳಗೆ ಅಂಟಿನಿಂದ ಬಿಗಿಯುವ ಪೇಟಕವೆಂಬ ಮೋಸವನ್ನು ಕೌಟಿಲ್ಯನು ವಿವರಿಸಿರುವನು. ಸಂದಿಯಿದ್ದಲ್ಲಿಯೇ ಸಂದೇಹವೂ ಇರುವದು. ಎರಡು ವಸ್ತುಗಳು ಕೂಡುವ ಸ್ಥಾನದಲ್ಲಿಯೇ ಮೂರನೆಯದು ಅಡಗಿ ಕುಳಿತುಕೊಳ್ಳುವದು. ಆದರೆ ಅರಸನ ದೃಷ್ಟಿಗೆ ಅಕ್ಕಸಾಲಿಗನು ಕಾವಲಿನಲ್ಲಿಡಬೇಕಾದವನಾಗಿ ಕಂಡನಲ್ಲದೆ ಗುರುವಾಗಿ ಕಾಣಲಿಲ್ಲವೆಂಬುದನ್ನೂ ಗಮನಿಸಬೇಕು.

ಇದಕ್ಕೆ ಗೌರವಾಸ್ಪದವಾದ ಅಪವಾದವೊಂದು ನಮ್ಮ ನಾಡಿನದೇ ಆಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು (೧೧೨೬–೧೧೩೮) ತನ್ನ ಮಾನಸೋಲ್ಲಾಸದಲ್ಲಿ ಮೇಣದ ಅಚ್ಚಿನಿಂದ ಲೋಹದ ಪ್ರತಿಮೆಗಳನ್ನು ಎರಕ ಹೊಯ್ಯುವ ಕ್ರಮವನ್ನು ಹೇಳಿರುವನು. ಮೇಣದ ರೂಪವನ್ನು ತೂಗಿ, ಆ ತೂಕದಿಂದ ಬೇಕಾದ ಲೋಹದ ತೂಕವನ್ನು ನಿರ್ಣಯಿಸುವ ಲೆಕ್ಕವೂ ಅಲ್ಲಿದೆ. ಒಲೆಯ ಬಳಿಗೆ ಹೋಗದವನು ಇಂತಹ ಮಾತನ್ನು ಬರೆಯಲಾರನು. ಆ ಅರಸನ ಕಾಲದಲ್ಲಿ ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯು ಅವನ ಆಳಿಕೆಯಲ್ಲಿಯೇ ಇದ್ದಿತು. ಸಮೀಪದ ಲಕ್ಕುಂಡಿಯು ಟಂಕಸಾಲೆಗೆ ಪ್ರಸಿದ್ಧವಾಗಿದ್ದು, ಅಲ್ಲಿಯ ಲೊಕ್ಕಿಗದ್ಯಾಣವು ಶಾಸನಗಳಲ್ಲಿ ಮೇಲಿಂದ ಮೇಲೆ ಬರುವದು.

ಹಾಗಾದರೆ ಈ ಟಂಕಣವು ಎಲ್ಲಿಂದ ಬರುತ್ತಿದ್ದಿತು? ನಮ್ಮ ನೆಲದಲ್ಲಿ ಅದು ಹುಟ್ಟುವದಿಲ್ಲ. ಟಿಬೆಟ್ಟಿನ ಸರೋವರಗಳ ದಂಡೆಗಳಲ್ಲಿಯೂ ಲಡಾಖಿನ ಪೂಗಾ ಕಣಿವೆಯ ಬಿಸಿನೀರಿನ ಬುಗ್ಗೆಗಳ ಬಳಿಯಲ್ಲಿಯೂ ಅದು ನೆಲದ ಮೇಲೆ ಉಪ್ಪಿನಂತೆ ಕಟ್ಟುವದು. ಅಲ್ಲಿಯ ವ್ಯಾಪಾರಿಗಳು ಅದನ್ನು ಸಣ್ಣ ಚೀಲಗಳಲ್ಲಿ ತುಂಬಿ ಕುರಿ-ಆಡುಗಳ ಬೆನ್ನಿನ ಮೇಲೆ ಹೇರಿ ಹಿಮಾಲಯದ ಕಣಿವೆಗಳನ್ನು ದಾಟಿಸುತ್ತಿದ್ದರು. ಮಹಾಭಾರತದ ಸಭಾಪರ್ವದಲ್ಲಿ ಯುಧಿಷ್ಠಿರನಿಗೆ ಪಿಪೀಲಿಕವೆಂಬ ಬಂಗಾರವನ್ನು ಕಾಣಿಕೆಯಾಗಿ ತಂದ ಉತ್ತರದ ಜನಗಳಲ್ಲಿ ತಂಗಣರೆಂಬವರೂ ಇರುವರು. ಟಂಕಣವೆಂಬ ಹೆಸರು ಈ ತಂಗಣರಿಂದ ಬಂದಿರಬಹುದೆಂದು ಕೆಲವು ಪಂಡಿತರ ಮತವು. ಇದೇ ಶಬ್ದವು ಪಾರಸಿಯಲ್ಲಿ ತಿಂಕಾರವಾಗಿ, ಯುರೋಪಿನಲ್ಲಿ ಟಿಂಕಲ್ ಆಗಿ ಪ್ರಯಾಣ ಮಾಡಿತು. ಬಹುಕಾಲ ವೆನಿಸ್ಸಿನ ವರ್ತಕರು ಅದನ್ನು ಶುದ್ಧಮಾಡಿ ಯುರೋಪಿನ ಅಕ್ಕಸಾಲಿಗರಿಗೆ ಮಾರಿದರು. ೧೮೮೦ರ ದಶಕದಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯದ ಮರುಭೂಮಿಯಿಂದ ಹೇಸರಗತ್ತೆಗಳ ಬಂಡಿಗಳಲ್ಲಿ ಟಂಕಣವು ಹೊರಬರಲಾರಂಭಿಸಿತು. ಈಗ ಹೆಚ್ಚಿನ ಭಾಗವು ತುರ್ಕಸ್ಥಾನದಿಂದಲೂ ಅಮೇರಿಕೆಯಿಂದಲೂ ದೊರೆಯುವದು. ಕುರಿಯ ಬೆನ್ನಿನ ಮೇಲೆ ಬರುತ್ತಿದ್ದುದು ಈಗ ಹಡಗಿನಲ್ಲಿ ಬರುತ್ತದೆ. ಪತ್ತಾರರ ಕಲ್ಲಿನ ಮೇಲೆ ಅದು ತೇಯಲ್ಪಡುವ ಕ್ರಮ ಮಾತ್ರ ಬದಲಾಗಿಲ್ಲ.

ಸಂಸ್ಕೃತದಲ್ಲಿ ಇದಕ್ಕಿರುವ ಹೆಸರುಗಳನ್ನು ನೋಡಿರಿ. ಕನಕಕ್ಷಾರ, ಲೋಹದ್ರಾವಿ, ಲೋಹಶ್ಲೇಷಣ, ಲೋಹಶುದ್ಧಿಕರ, ಸೌಭಾಗ್ಯ. ಶ್ಲೇಷಣವೆಂದರೆ ಅಪ್ಪಿಸುವದು, ಶುದ್ಧಿಯೆಂದರೆ ಹೊಲಸನ್ನು ಕಳೆಯುವದು. ಈ ಎರಡು ಹೆಸರುಗಳನ್ನು ಕೂಡಿಸಿದರೆ ನಮ್ಮ ಪತ್ತಾರರ ಉತ್ತರವೇ ಆಯಿತು. ಕನ್ನಡದ ಬಿಳಿಗಾರವೂ ಕಡಿಮೆಯದಲ್ಲ. ಕ್ಷಾರವು ತದ್ಭವದಲ್ಲಿ ಕಾರವಾಗಿ, ಬಿಳಿ ಎಂಬುದರೊಡನೆ ಸೇರುವಾಗ ಕಕಾರಕ್ಕೆ ಗಕಾರವು ಆದೇಶವಾಗಿ ಬಿಳಿಗಾರವಾಯಿತೆಂದು ಬಿಡಿಸುವದು ಯುಕ್ತವಾಗಿ ತೋರುತ್ತದೆ. ಕೆಂಪು ಕಾರಕ್ಕೆ ಹೆಸರಾದ ಬ್ಯಾಡಗಿಯಲ್ಲಿ ಬಿಳಿಯ ಕಾರವೂ ಇದ್ದಿತೆಂದು ಹೇಳಿದರೆ ವಾಚಕರು ನಗಬಾರದು.

ಎರಡನೆಯ ಉಪ್ಪು ನವಸಾಗರ. ಹದಿಮೂರನೆಯ ಶತಮಾನದ ಸುಮಾರಿನದೆಂದು ಎಣಿಸಲ್ಪಡುವ ರಸರತ್ನಸಮುಚ್ಚಯದಲ್ಲಿ ಇದು ನವಸಾರವೆಂಬ ಹೆಸರಿನಿಂದ ಬಂದಿದ್ದು, ಇಟ್ಟಿಗೆಯ ಆವಿಗೆಯಲ್ಲಿಯೂ ಹುಟ್ಟುವ ಬಿಳುಪಾದ ಹಗುರ ಲವಣವೆಂದು ವರ್ಣಿತವಾಗಿದೆ. ಇದನ್ನು ಬಲ್ಲವರು ನಮ್ಮ ಕಲಾಯಿಗಾರರು. ಭಟ್ಟಿಯನ್ನೂ ತಿದಿಯನ್ನೂ ಹೊತ್ತು ಓಣಿಯೋಣಿಗೆ ಬಂದು, ಗಿಡದ ಕೆಳಗೆ ಕುಳಿ ತೋಡಿ, ಹಿತ್ತಾಳೆ-ತಾಮ್ರದ ಪಾತ್ರೆಗಳಿಗೆ ತವರದ ಲೇಪ ಕೊಡುತ್ತಿದ್ದ ಆ ಜನರನ್ನು ನನ್ನ ವಯಸ್ಸಿನವರು ಮರೆಯಲಾರರು. ಪಾತ್ರೆಯು ಕಾದ ಕೂಡಲೆ ಅವರು ಒಂದು ಚಿಟಿಕೆ ನವಸಾಗರವನ್ನು ಎರಚಿದರೆ, ಮೂಗಿಗೆ ತಾಗುವ ಬಿಳಿಯ ಹೊಗೆಯು ಏಳುತ್ತಿದ್ದಿತು; ತವರದ ಕಡ್ಡಿಯನ್ನು ಮುಟ್ಟಿಸಿ ಅರಳೆಯಿಂದ ಒಂದು ಸುತ್ತು ಒರಸುವಷ್ಟರಲ್ಲಿ ಪಾತ್ರೆಯೊಳಗೆ ಬೆಳದಿಂಗಳು ತುಂಬುತ್ತಿದ್ದಿತು! ಕಾದಾಗ ನವಸಾಗರವು ಅಮೋನಿಯ ಮತ್ತು ಹೈಡ್ರೋಕ್ಲೋರಿಕ್ ಆಮ್ಲವೆಂದು ಎರಡಾಗಿ ಒಡೆಯುವದು. ಆ ಆಮ್ಲವು ತಾಮ್ರದ ಪೊರೆಯನ್ನು ತಿಂದುಹಾಕುವದು. ಕಲಾಯಿಯಿಲ್ಲದ ತಾಮ್ರದಲ್ಲಿ ಹುಳಿಯನ್ನಿಟ್ಟರೆ ಕಿಲುಬು ಬಿಟ್ಟು ವಿಷವಾಗುವದೆಂಬುದನ್ನು ಮನೆಯ ಹೆಂಗಸರೆಲ್ಲರೂ ಬಲ್ಲರು. ಹೀಗೆ ಎಷ್ಟೋ ಮನೆತನಗಳ ಆರೋಗ್ಯವು ಆ ಒಂದು ಚಿಟಿಕೆಯ ಮೇಲೆ ನಿಂತಿದ್ದಿತು. ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆಗಳು ಬಂದ ಮೇಲೆ ಕಲಾಯಿಗಾರರ ಕೂಗು ವಿರಳವಾಯಿತು. ಬೀದರದ ಕುಶಲರಾದರೋ ಇದೇ ನವಸಾಗರವನ್ನು ಅಲ್ಲಿಯ ಕೋಟೆಯ ಮಣ್ಣಿನೊಡನೆ ಬೆರೆಸಿ, ಸತುವಿನ ಪಾತ್ರೆಗಳಿಗೆ ಕಪ್ಪು ಬಣ್ಣವನ್ನು ಬರಿಸುವರು; ಬೆಳ್ಳಿಯ ಕುಸುರಿಯು ಮಾತ್ರ ಬಿಳುಪಾಗಿಯೇ ಉಳಿಯುವದು. ಒಂದೇ ಉಪ್ಪು, ಹಾವೇರಿ ಸೀಮೆಯಲ್ಲಿ ಕಪ್ಪನ್ನು ಕಳೆಯಲು, ಬೀದರದಲ್ಲಿ ಕಪ್ಪನ್ನು ತರಲು!

ಕಬ್ಬಿಣದ ಮಾತೇ ಬೇರೆ. ನಮ್ಮ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಹಳ್ಳೂರಿನಲ್ಲಿ ೧೯೬೦ರ ದಶಕದಲ್ಲಿ ಡಾ. ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಿಂದ, ಸುಮಾರು ಮೂರು ಸಾವಿರ ವರ್ಷಗಳ ಹಿಂದೆಯೇ ಇಲ್ಲಿಯ ಜನರು ಕಬ್ಬಿಣವನ್ನು ಬಳಸುತ್ತಿದ್ದರೆಂಬುದು ತಿಳಿದುಬಂದಿತು. ಕಬ್ಬಿಣಕ್ಕೆ ಕಬ್ಬಿಣವನ್ನು ಬೆಸೆಯುವಾಗ ಕಮ್ಮಾರನು ಕುಲುಮೆಯಲ್ಲಿ ಎರಡನ್ನೂ ಬಿಳುಪೇರುವಂತೆ ಕಾಯಿಸಿ, ಮೇಲೆ ಮರಳನ್ನು ಎರಚಿ ಬಡಿಯುವನು. ಆ ಮರಳು ಕಬ್ಬಿಣದ ಪೊರೆಯೊಡನೆ ಕೂಡಿ ಗಾಜಿನಂತೆ ಕರಗಿ, ಸುತ್ತಿಗೆಯ ಏಟಿಗೆ ಕಿಡಿಯಾಗಿ ಹೊರಗೆ ಹಾರುವದು. ಕ್ರಿ. ಶ. ಒಂದನೆಯ ಶತಮಾನದ ರೋಮಿನ ಪ್ಲಿನಿಯೂ ತನ್ನ ಪ್ರಕೃತಿಚರಿತ್ರೆಯಲ್ಲಿ ಒಂದೊಂದು ಲೋಹಕ್ಕೆ ಒಂದೊಂದು ಬೆಸುಗೆಯ ವಸ್ತುವನ್ನು ಹೇಳುತ್ತ, ಕಬ್ಬಿಣಕ್ಕೆ ಜೇಡಿಮಣ್ಣು, ಸೀಸಕ್ಕೆ ರಾಳ ಎಂದು ಬರೆದಿರುವನು.

ಆ ರಾಳವೇ ಈಗಿನ ಯುಗದ ಬೆಸುಗೆಗೆ ಬಾಗಿಲನ್ನು ತೆರೆದದ್ದು. ಸಂಸ್ಕೃತದಲ್ಲಿ ಸರಲವೆಂದು ಕರೆಯಲ್ಪಡುವ ಹಿಮಾಲಯದ ಪೈನ್ ವೃಕ್ಷದ ತೊಗಟೆಯನ್ನು ಕೆತ್ತಿದರೆ ಒಸರುವ ಅಂಟನ್ನು ಬಟ್ಟಿಯಿಳಿಸಿದಾಗ, ಟರ್ಪೆಂಟೈನ್ ಎಣ್ಣೆಯು ಮೇಲೆ ಹೋಗಿ ರಾಳವು ಕೆಳಗೆ ಉಳಿಯುವದು. ಎಣ್ಣೆಯೂ ರಾಳವೂ ಕೂಡಿದ ಇಂತಹ ಸಾರಕ್ಕೆ ಓಲಿಯೋರೆಸಿನ್ ಎಂದು ಹೆಸರು. ಮೆಣಸಿನಕಾಯಿಯಿಂದ ಬಣ್ಣದ ಸಾರವನ್ನು ತೆಗೆಯುವ ಕಾರಖಾನೆಗಳಿಂದಾಗಿ ಬ್ಯಾಡಗಿಯವರಿಗೆ ಈ ಶಬ್ದವು ಹೊಸದಲ್ಲ. ರಾಳದ ಗುಣವು ಅಪೂರ್ವವಾದುದು. ತಣ್ಣಗಿರುವಾಗ ಅದು ಯಾರನ್ನೂ ಕಚ್ಚದ ಸಾಧುವು. ಸುಮಾರು ೧೭೦ ಡಿಗ್ರಿಗೆ ಕಾದಾಗ ಅದರೊಳಗಿನ ಅಬಿಯೆಟಿಕ್ ಆಮ್ಲವು ಎಚ್ಚತ್ತು ತಾಮ್ರದ ಪೊರೆಯನ್ನು ಕಳೆಯುವದು. ಆರಿದ ಮೇಲೆ ಮತ್ತೆ ಸಾಧುವಾಗುವದು. ಬೆಸುಗೆಯಲ್ಲಿ ಸ್ವಲ್ಪ ಉಳಿದರೂ ಅದರಿಂದ ಅಪಾಯವಿಲ್ಲ. ಕೂದಲಿನಂತಹ ತಂತಿಗಳನ್ನು ಬೆಸೆದು, ಅವುಗಳನ್ನು ತೊಳೆಯಲಾರದ ಕಡೆಯಲ್ಲಿ, ಇಂತಹ ವಸ್ತುವೇ ಬೇಕು.

ಈ ತಂತಿಗಳ ಯುಗವು ನಮ್ಮ ದೇಶಕ್ಕೆ ಬಂದುದು ೧೮೫೦ರ ದಶಕದಲ್ಲಿ, ತಾರಿನ ರೂಪದಿಂದ. ಆಗ ಎರಡು ತಂತಿಗಳ ತುದಿಗಳನ್ನು ಒತ್ತಟ್ಟಿಗೆ ಹಿಡಿದು, ಸಣ್ಣ ತಂತಿಯಿಂದ ಸುತ್ತಿ, ಮೇಲೆ ಬೆಸುಗೆಯನ್ನು ಹರಿಯಿಸುವದೊಂದು ಪದ್ಧತಿಯಾಗಿದ್ದಿತು. ೨೦೧೩ರ ಜುಲೈ ತಿಂಗಳಲ್ಲಿ ತಾರಿನ ಸೇವೆಯು ನಿಂತುಹೋದರೂ ತಂತಿಯ ಬೆಸುಗೆಯು ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ೧೯೪೮ರಲ್ಲಿ ದೂರವಾಣಿಯ ಕಾರಖಾನೆಯಾದ ಐ.ಟಿ.ಐ., ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದವು. ೧೯೫೦ರ ಜನವರಿ ೮ರಂದು ಧಾರವಾಡದ ಆಕಾಶವಾಣಿಯು ಪ್ರಾರಂಭವಾಗಿ, ನಮ್ಮ ಸೀಮೆಯ ಮನೆಗಳಿಗೆ ರೇಡಿಯೋ ಬರತೊಡಗಿತು. ಒಂದೊಂದು ರೇಡಿಯೋದ ಹೊಟ್ಟೆಯಲ್ಲಿ ನೂರಾರು ಬೆಸುಗೆಗಳು. ೧೯೭೫ರ ಏಪ್ರಿಲ್ ೧೯ರಂದು ಆಕಾಶಕ್ಕೇರಿದ ನಮ್ಮ ಮೊದಲನೆಯ ಉಪಗ್ರಹವಾದ ಆರ್ಯಭಟವು ಬೆಂಗಳೂರಿನ ಪೀಣ್ಯದ ಸಾಮಾನ್ಯ ಶೆಡ್ಡುಗಳಲ್ಲಿ ಸಿದ್ಧವಾದುದು. ಒಂದು ಬೆಸುಗೆಯು ಬಿಟ್ಟರೆ ಆಕಾಶಕ್ಕೆ ಹೋಗಿ ಅದನ್ನು ಸರಿಪಡಿಸುವವರಾರು? ಯಜ್ಞದ ಲೋಪವನ್ನಾದರೂ 'ಬ್ರಹ್ಮ'ನು ಕುಳಿತಲ್ಲಿಂದಲೇ ಸರಿಪಡಿಸಬಹುದಾಗಿದ್ದಿತು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಶಾಲೆಯಲ್ಲಿದ್ದಾಗ ಧ್ವನಿವರ್ಧಕದ ತಂತಿಯೊಂದು ಕಡಿಯಿತು. ಅಂಗಡಿಯಿಂದ ಫ್ಲಕ್ಸಿನ ಲೇಪದ ಡಬ್ಬಿಯೊಂದನ್ನು ತಂದು, ಹುಡುಗರ ಮುಂದೆ ಪಾಂಡಿತ್ಯವನ್ನು ಮೆರೆಯುತ್ತ, ನಾನೇ ಬೆಸೆದೆನು. ಬೆಸುಗೆಯು ಕನ್ನಡಿಯಂತೆ ಹೊಳೆಯಿತು. ಮಳೆಗಾಲವು ಮುಗಿಯುವಷ್ಟರಲ್ಲಿ ತಂತಿಯು ಹಸುರಾಗಿ, ಮುಟ್ಟಿದರೆ ಪುಡಿಯಾಗಿ ಉದುರಿತು. ಕಾರಣವು ಆ ಮೇಲೆ ತಿಳಿಯಿತು. ಫ್ಲಕ್ಸಿನ ಲೇಪಗಳು ಎರಡು ಜಾತಿಯವು. ರಾಳವನ್ನು ಬೆರೆಸಿದುದು ತಂತಿಗೆ; ಸತುವಿನ ಕ್ಲೋರೈಡ್ ಬೆರೆಸಿದುದು ತಗಡು, ಕೊಳವೆಗಳಿಗೆ. ಎರಡನೆಯದು ಬಲವಾದುದು, ಕೊಳೆಯಾದ ತಗಡನ್ನೂ ಬೆಸೆಯುವದು. ಆದರೆ ಕೆಲಸವಾದ ಮೇಲೆ ಚೆನ್ನಾಗಿ ತೊಳೆಯದಿದ್ದರೆ ಗಾಳಿಯ ತೇವವನ್ನು ಹೀರಿ, ತಾನು ಕೂಡಿಸಿದುದನ್ನೇ ತಿನ್ನುವದು. ನಾನು ತಂದದ್ದು ಈ ಎರಡನೆಯದು. ಪತ್ತಾರರೂ ಬೆಸುಗೆಯಾದ ಮೇಲೆ ಆಭರಣವನ್ನು ಹುಳಿಯ ನೀರಿನಲ್ಲಿ ಕುದಿಸಿ, ಉಳಿದ ಬಿಳಿಗಾರದ ಗಾಜನ್ನು ತೆಗೆದುಬಿಡುವದು ವ್ಯರ್ಥವಲ್ಲ. ಆದುದರಿಂದ ಮನೆಯಲ್ಲಿ ಈ ಕೆಲಸ ಮಾಡುವ ತರುಣರು ಡಬ್ಬಿಯ ಮೇಲಿನ ಬರಹವನ್ನು ಓದಿಕೊಳ್ಳಬೇಕು. ಬೆಸೆಯುವ ಮೊದಲು ತಂತಿಯ ತುದಿಯನ್ನು ಉಜ್ಜಿ ಬೆಳಗಬೇಕು. ಲೇಪವನ್ನು ತೆಳ್ಳಗೆ ಹಚ್ಚಬೇಕು. ಬೆಸುಗೆಯ ಕಡ್ಡಿಯನ್ನು ಬರಿಯ ಉಪಕರಣದ ತುದಿಯಲ್ಲಿ ಕರಗಿಸಿ ಸುರಿಯದೆ, ತಂತಿಯನ್ನೇ ಕಾಯಿಸಿ ಅದರ ಕಾವಿನಿಂದ ಕರಗಗೊಡಬೇಕು.

ಈ ಚರಿತ್ರೆಗೆ ಒಂದು ಕಪ್ಪು ಪುಟವೂ ಇದೆ. ಹೊಲಸನ್ನು ಹೊತ್ತುಕೊಂಡ ಹೊಗೆಯು ಎಲ್ಲಿಗೆ ಹೋಗುವದು? ಬೆಸೆಯುವವನ ಎದೆಯೊಳಗೆ. ರಾಳದ ಹೊಗೆಯಿಂದ ಕೆಲವರಿಗೆ ಉಬ್ಬಸವು ಹತ್ತುವದೆಂದು ವೈದ್ಯರು ಕಂಡುಕೊಂಡಿರುವರು. ಸೀಸವು ಶರೀರಕ್ಕೆ ವಿಷವಾದುದರಿಂದ ಯುರೋಪಿನ ಒಕ್ಕೂಟವು ೨೦೦೬ರ ಜುಲೈ ೧ರಿಂದ ವಿದ್ಯುದುಪಕರಣಗಳಲ್ಲಿ ಅದನ್ನು ಬಹುಮಟ್ಟಿಗೆ ನಿಷೇಧಿಸಿತು. ಆ ಮೇಲೆ ತವರ, ಬೆಳ್ಳಿ, ತಾಮ್ರಗಳ ಬೆಸುಗೆಯು ರೂಢಿಗೆ ಬಂದಿತು. ಎಲ್ಲಕ್ಕಿಂತ ಕೆಟ್ಟದ್ದು ಕ್ಯಾಡ್ಮಿಯಂ. ನಮ್ಮ ಮನೆಗಳಲ್ಲಿ ಕೆ.ಡಿ.ಎಂ. ಬಂಗಾರವೆಂದು ಹೆಮ್ಮೆಯಿಂದ ಹೇಳಿಕೊಂಡ ಹೆಸರು ಈ ಲೋಹದ್ದೇ. ಬೆಸುಗೆಯಲ್ಲಿ ಅದನ್ನು ಬೆರೆಸಿದರೆ ಬಂಗಾರದ ಮಟ್ಟವು ಕುಂದದೆ ಬೇಗ ಕರಗುವದೆಂಬುದು ಲಾಭ. ಆದರೆ ೭೬೭ ಡಿಗ್ರಿಯಲ್ಲಿ ಕುದಿಯುವ ಆ ಲೋಹವು ಊದುಗೊಳವೆಯ ಉರಿಯಲ್ಲಿ ಹೊಗೆಯಾಗಿ ಎದ್ದು, ಊದುವವನ ಪುಪ್ಪುಸವನ್ನೂ ಮೂತ್ರಪಿಂಡವನ್ನೂ ಕೆಡಿಸುವದು. ಈಗ ಹಾಲ್‌ಮಾರ್ಕಿನ ನಿಯಮಗಳು ಕ್ಯಾಡ್ಮಿಯಮ್ಮಿಗೆ ಎಡೆಗೊಡುವದಿಲ್ಲ. ೨೦೨೧ರ ಜೂನ್ ತಿಂಗಳಿಂದ ಆ ಮುದ್ರೆಯು ಹಂತಹಂತವಾಗಿ ಕಡ್ಡಾಯವಾಗುತ್ತ ಬಂದಿದೆ. ಕೊಳ್ಳುವವರಾದ ನಾವು ಮಟ್ಟವನ್ನು ವಿಚಾರಿಸಿದೆವು, ಬೆಲೆಯನ್ನು ವಿಚಾರಿಸಿದೆವು. ಊದುವವನ ಉಸಿರನ್ನು ವಿಚಾರಿಸಲಿಲ್ಲ. ಬಲ್ಲವರು ಬರೆದದ್ದು ಮಾಡುವವನಿಗೆ ಮುಟ್ಟಲಿಲ್ಲ. ಮಾಡುವವನು ಪಟ್ಟದ್ದು ಬರೆಯುವವರಿಗೆ ಕಾಣಿಸಲಿಲ್ಲ.

ನನ್ನ ಪಾಠಶಾಲೆಯ ಕ್ಷಾರವಿಶೇಷಕ್ಕೂ ಪತ್ತಾರರ ಬಿಳಿಗಾರಕ್ಕೂ ನಡುವೆ ಇದ್ದುದು ಇದೇ ಅಂತರವು. ನಮ್ಮ ದೇಶದಲ್ಲಿ ಗ್ರಂಥವು ಒಂದು ಓಣಿಯಲ್ಲಿಯೂ ಕೈಕಸಬು ಇನ್ನೊಂದು ಓಣಿಯಲ್ಲಿಯೂ ಬಹುಕಾಲ ವಾಸಮಾಡಿದವು. ಎರಡೂ ಒಳ್ಳೆಯ ಲೋಹಗಳೇ. ನಡುವೆ ಕಟ್ಟಿದ್ದು ಅಹಂಕಾರದ ಕಿಲುಬು, ಮತ್ತು ಅದು ಹೆಚ್ಚಾಗಿ ಕಟ್ಟಿದ್ದು ಗ್ರಂಥದ ಕಡೆಗೆ ಎಂಬುದನ್ನು ನಾನು ಒಪ್ಪಿಕೊಳ್ಳುತ್ತೇನೆ. ನಮ್ಮ ಪತ್ತಾರರು, ಕಂಚಗಾರರು, ಕಮ್ಮಾರರು, ಕಲಾಯಿಗಾರರು ತಮ್ಮ ಕಸಬಿನಲ್ಲಿ ಬಳಸುವ ಶಬ್ದಗಳನ್ನು, ಅವುಗಳ ಅರ್ಥವನ್ನು, ಕೆಲಸದ ಕ್ರಮವನ್ನು ಅವರ ಬಳಿಯಲ್ಲಿಯೇ ಕುಳಿತು ಬರೆದುಕೊಳ್ಳುವ ಕಾರ್ಯವನ್ನು ಜಿಲ್ಲೆಯ ವಿದ್ಯಾವಂತ ಕುಟುಂಬಗಳವರು ಕೈಕೊಂಡರೆ, ಎಷ್ಟೋ ಪಾಠಗಳ ಅರ್ಥವು ಹೊಸದಾಗಿ ತೆರೆಯುವದು. ಹಳಬರು ಇರುವಾಗಲೇ ಇದು ಆಗಬೇಕು.

ವ್ಯಾಕರಣದಲ್ಲಿ ಲೋಪಸಂಧಿಯೆಂಬುದೊಂದುಂಟು. ‘ಊರು’, ‘ಅಲ್ಲಿ’ ಎಂಬವು ಕೂಡಿ ‘ಊರಲ್ಲಿ’ ಎಂದಾಗಬೇಕಾದರೆ ನಡುವಿನ ಉಕಾರವು ಹೋಗಲೇಬೇಕು. ಮೂವತ್ತು ವರ್ಷ ಇದನ್ನು ಹಲಗೆಯ ಮೇಲೆ ಬರೆದು ಕಲಿಸಿದೆನು. ನಾಲ್ಕು ಹನಿ ಬಿಳಿಗಾರದ ನೀರಿನಲ್ಲಿ ಅದರ ಅರ್ಥವನ್ನು ತೋರಿಸಿದವರು ನಮ್ಮ ಓಣಿಯ ಪತ್ತಾರರು. ಸರದ ಕೊಂಡಿಯು ಮತ್ತೆ ಬಿಟ್ಟಿಲ್ಲ.